ಹೆಸರು ಕೇಳಿದ್ದು ಸಾಕು, ಹಲ್ಲು ಮುಟ್ಟಿಸಿ

ಪ್ರಶ್ನೆ: ನನ್ನ ಮಗನಿಗೆ ನಾಲ್ಕೂವರೆ ವರ್ಷ. ಡೈನೋಸಾರ್ ಹುಚ್ಚು ವಿಪರೀತ. ಇಪ್ಪತ್ತಕ್ಕೂ ಹೆಚ್ಚು ಹೆಸರು ಬಾಯಿಪಾಠ ಮಾಡಿಕೊಂಡಿದ್ದಾನೆ. ಹೋದ ತಿಂಗಳು ಒಂದು ಮಾಲ್‌ನಲ್ಲಿ ನಡೆದ ಡೈನೋಸಾರ್ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆವು. ಮುಟ್ಟಿ ನೋಡಲು ಹಲ್ಲು, ಮೊಟ್ಟೆಗಳ ಮಾದರಿ ಇಟ್ಟಿದ್ದರು. ಮರಳಿನಲ್ಲಿ ಮೂಳೆ ಅಗೆಯುವ ತೊಟ್ಟಿಯೂ ಇತ್ತು. ಬಾಯಿ ತೆರೆದು ಘರ್ಜಿಸುವ ಟಿ-ರೆಕ್ಸ್ ನೋಡಿ ಅಳಲು ಶುರು ಮಾಡಿದ. ಆಮೇಲೆ ಮರಳಿನ ತೊಟ್ಟಿ ಬಿಟ್ಟು ಕದಲಲೇ ಇಲ್ಲ. ಬೋರ್ಡ್ ಓದಿ ಹೇಳಿದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಆರೂವರೆ ವರ್ಷದ ಮಗಳು ಸುಮ್ನೆ ನೋಡುತ್ತಿದ್ದಳು. ಮನೆಗೆ ಬಂದು "ಏನು ಕಲಿತೆ?" ಅಂತ ಕೇಳಿದರೆ ಮಗ "ಮರಳು" ಅಂದ. ನಮ್ಮ ಮನೆಯವರು "ಕಾಸು ದಂಡ" ಅಂದರು. ದೀಪಾವಳಿ ರಜೆಗೆ ಅಹಮದಾಬಾದ್‌ನಲ್ಲಿರುವ ಭಾವನ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ರೈಯೋಲಿಯ ಡೈನೋಸಾರ್ ಪಾರ್ಕ್ ಹತ್ತಿರವಂತೆ. ಇಷ್ಟು ಚಿಕ್ಕ ಮಕ್ಕಳು ಇಂಥ ಕಡೆ ನಿಜವಾಗಿ ಏನಾದರೂ ಕಲಿಯುತ್ತಾರಾ? ಕರೆದುಕೊಂಡು ಹೋದರೆ ನಾವೇನು ಮಾಡಬೇಕು?
ಒಬ್ಬ ತಾಯಿ, ಬೆಂಗಳೂರು

ಉತ್ತರ: ಕಲಿಯುತ್ತಾರೆ. ನಿಮ್ಮ ಮಗ ಆಗಲೇ ಕಲಿತು ಬಂದಿದ್ದಾನೆ. "ಏನು ಕಲಿತೆ?" ಅನ್ನುವ ಪ್ರಶ್ನೆಗೆ ನಾಲ್ಕೂವರೆ ವರ್ಷದ ಮಗು ಉತ್ತರ ಹೇಳಲಾರದು. ಕಲಿತದ್ದನ್ನು ವಿಂಗಡಿಸಿ ಹೇಳುವುದು ದೊಡ್ಡವರಿಗೇ ಕಷ್ಟ. ತಾನು ಏನು ಮಾಡಿದೆ ಅನ್ನುವುದು ಮಾತ್ರ ಮಗುವಿಗೆ ಚೆನ್ನಾಗಿ ನೆನಪಿರುತ್ತದೆ. ಅದಕ್ಕೇ "ಮರಳು" ಅಂದಿದ್ದಾನೆ. ಪ್ರಶ್ನೆ ಬದಲಾಯಿಸಿ ನೋಡಿ. "ಮರಳೊಳಗೆ ಮೊದಲು ಏನು ಕಾಣಿಸಿತು? ಅದು ಮೂಳೆ ಅಂತ ಹೇಗೆ ಗೊತ್ತಾಯ್ತು? ಆಮೇಲೆ ಯಾವ ಕಡೆ ಅಗೆದೆ?" ಅಂತ ಕೇಳಿ. ಒಂದು ತಿಂಗಳಾಗಿದ್ದರೂ ಪರವಾಗಿಲ್ಲ, ಅವನ ಹತ್ತಿರ ಹೇಳಲು ಬೇಕಾದಷ್ಟು ಇರುತ್ತದೆ.

ಮೊದಲು ಆ ಇಪ್ಪತ್ತು ಹೆಸರುಗಳ ವಿಷಯ. ಮಕ್ಕಳ ಡೈನೋಸಾರ್ ಹುಚ್ಚನ್ನು ಸಂಶೋಧಕರು ಬಹಳ ಹಿಂದೆಯೇ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಅಮೆರಿಕದಲ್ಲಿ ಮಿಷೆಲೀನ್ ಚೀ ಮತ್ತು ರ‍್ಯಾಂಡಿ ಕೋಸ್ಕಿ ಎಂಬ ಇಬ್ಬರು ಸಂಶೋಧಕಿಯರು 1983ರಲ್ಲಿ ಒಬ್ಬನೇ ಒಬ್ಬ ಹುಡುಗನ ಡೈನೋಸಾರ್ ಜ್ಞಾನದ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಅವನಿಗೂ ನಿಮ್ಮ ಮಗನಷ್ಟೇ ವಯಸ್ಸು, ನಾಲ್ಕೂವರೆ. ಅವನಿಗೆ ಗೊತ್ತಿದ್ದ 40 ಡೈನೋಸಾರ್‌ಗಳನ್ನು ಅವರು ಎರಡು ಗುಂಪು ಮಾಡಿದರು. ಚೆನ್ನಾಗಿ ಗೊತ್ತಿದ್ದವು 20, ಅಷ್ಟೇನೂ ಗೊತ್ತಿಲ್ಲದವು 20. ಮೊದಲ ಗುಂಪಿನಲ್ಲಿ ಒಂದು ಡೈನೋಸಾರ್‌ಗೂ ಇನ್ನೊಂದಕ್ಕೂ ಅವನ ತಲೆಯಲ್ಲಿ ನಂಟು ಜಾಸ್ತಿ ಇತ್ತು. ಇದೂ ಸೊಪ್ಪು ತಿನ್ನುತ್ತೆ, ಅದೂ ತಿನ್ನುತ್ತೆ. ಇದಕ್ಕೂ ಬೆನ್ನ ಮೇಲೆ ಫಲಕ, ಅದಕ್ಕೂ ಫಲಕ. ಎರಡನೇ ಗುಂಪಿನಲ್ಲಿ ಇಂಥ ನಂಟು ಕಡಿಮೆ. ಒಂದು ವರ್ಷ ಬಿಟ್ಟು ಕೇಳಿದಾಗ ನಂಟು ಜಾಸ್ತಿ ಇದ್ದ ಗುಂಪು ಅವನಿಗೆ ಹೆಚ್ಚು ನೆನಪಿತ್ತು.

ನಿಮ್ಮ ಮಗನ ಬಾಯಿಪಾಠದಲ್ಲೂ ಎಷ್ಟೋ ಹೆಸರು ಇನ್ನೊಂದು ವರ್ಷಕ್ಕೆ ಮರೆತುಹೋಗುತ್ತವೆ. ಹೋಗಲಿ ಬಿಡಿ. "ಈ ಹಲ್ಲು ಇದ್ದರೆ ಈ ಊಟ" ಅನ್ನುವ ಲೆಕ್ಕಾಚಾರ ಅವನ ತಲೆಗೆ ಬಂದರೆ ಅದು ಉಳಿಯುತ್ತದೆ. ನಾಳೆ ಹಸು ನೋಡಿದಾಗಲೂ, ನಾಯಿ ನೋಡಿದಾಗಲೂ ಕೆಲಸಕ್ಕೆ ಬರುತ್ತದೆ.

ಡೈನೋಸಾರ್ ಹುಚ್ಚಿನ ಮಕ್ಕಳ ಅಪ್ಪ-ಅಮ್ಮಂದಿರು ಒಂದು ಬಲೆಗೆ ಬೀಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. "ಇದ್ಯಾವುದು ಹೇಳು? ಅದ್ಯಾವುದು?" ಅಂತ ಕೇಳುತ್ತಾ ಹೋಗುತ್ತಾರೆ. ಮಗು ಪಟಪಟ ಹೇಳುತ್ತದೆ. ಎಲ್ಲರಿಗೂ ಖುಷಿ. ಆದರೆ ಅಲ್ಲಿ ಹೊಸದಾಗಿ ಏನೂ ನಡೆಯುತ್ತಿಲ್ಲ, ಮೊದಲೇ ಗೊತ್ತಿದ್ದದ್ದು ಬಾಯಿಂದ ಹೊರಗೆ ಬರುತ್ತಿದೆ ಅಷ್ಟೇ. ಪಿಟ್ಸ್‌ಬರ್ಗ್‌ನ ಕಾರ್ನೆಗಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಡೈನೋಸಾರ್ ಹಾಲ್‌ನಲ್ಲಿ ಐದರಿಂದ ಏಳು ವರ್ಷದ ಮಕ್ಕಳು ಮತ್ತು ಅವರ ಅಪ್ಪ-ಅಮ್ಮಂದಿರ ಮಾತುಕತೆಯನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಬಂತು. ಡೈನೋಸಾರ್ ಬಗ್ಗೆ ಕಮ್ಮಿ ಗೊತ್ತಿದ್ದ ಮಕ್ಕಳ ಜೊತೆ ದೊಡ್ಡವರು ವಿವರಿಸುತ್ತಾ, ಕೂಡಿ ಯೋಚಿಸುತ್ತಾ ಹೋಗುತ್ತಿದ್ದರು. ಪಂಡಿತ ಮಕ್ಕಳ ಜೊತೆ ಹೋದವರು ಮಾತು ಕಡಿಮೆ ಮಾಡಿ, ಪರೀಕ್ಷೆ ತೆಗೆದುಕೊಳ್ಳುವವರಾಗಿಬಿಟ್ಟಿದ್ದರು. "ಅವನಿಗೆಲ್ಲ ಗೊತ್ತು" ಅನ್ನುವ ಹೆಮ್ಮೆಯೇ ಮಾತುಕತೆಯನ್ನು ನಿಲ್ಲಿಸಿಬಿಡುತ್ತದೆ.

ಆದ್ದರಿಂದ ನನ್ನ ಮುಖ್ಯ ಸಲಹೆ ಒಂದೇ. ಹೆಸರು ಕೇಳುವುದನ್ನು ಬಿಡಿ. "ಹೇಗೆ ಗೊತ್ತು?" ಅಂತ ಕೇಳಿ. ಮಗು "ಇದು ಮಾಂಸ ತಿನ್ನುತ್ತೆ" ಅಂದರೆ "ಹೌದಾ, ನಿಂಗೆ ಹೇಗೆ ಗೊತ್ತಾಯ್ತು?" ಅನ್ನಿ. "ಪುಸ್ತಕದಲ್ಲಿದೆ" ಅಂದರೆ "ಪುಸ್ತಕ ಬರೆದೋರಿಗೆ ಹೇಗೆ ಗೊತ್ತಾಯ್ತು? ಅವರೂ ಡೈನೋಸಾರ್ ನೋಡಿಲ್ಲ ಅಲ್ವಾ?" ಅನ್ನಿ. ಪರೀಕ್ಷೆಯ ದನಿ ಬೇಡ. ನಿಮಗೂ ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ದನಿ ಇರಲಿ. ಕೇಳಿದ ಮೇಲೆ ಸುಮ್ಮನೆ ಕಾಯಿರಿ. ಉತ್ತರ ಬಾಯಲ್ಲೇ ಬರಬೇಕಾಗಿಲ್ಲ, ಕೈ ಆ ಹಲ್ಲಿನ ಕಡೆ ಹೋದರೂ ಸಾಕು.

ಮುಟ್ಟಲು ಇಟ್ಟಿರುವ ವಸ್ತುಗಳಿಗೆ ಬೆಲೆ ಬರುವುದೇ ಇಲ್ಲಿ. ನಮ್ಮ ಕೈ ಸುಮ್ನೆ ಮುಟ್ಟುವುದಿಲ್ಲ, ಬೇಕಾದ ಮಾಹಿತಿಗೆ ತಕ್ಕ ಹಾಗೆ ಆಡುತ್ತದೆ. 1987ರಲ್ಲಿ ಸೂಸನ್ ಲೆಡರ್‌ಮನ್ ಮತ್ತು ರಾಬರ್ಟಾ ಕ್ಲಾಟ್ಸ್ಕಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಒರಟೋ ನುಣುಪೋ ತಿಳಿಯಬೇಕಾದರೆ ಬೆರಳು ಆಚೀಚೆ ಉಜ್ಜುತ್ತದೆ. ಗಟ್ಟಿಯೋ ಮೆತ್ತಗೋ ನೋಡಲು ಒತ್ತುತ್ತದೆ. ಭಾರ ತಿಳಿಯಲು ಎತ್ತಿ ತೂಗುತ್ತದೆ. ಆಕಾರ ಬೇಕಾದರೆ ಅಂಚಿನ ಗುಂಟ ಸವರುತ್ತಾ ಹೋಗುತ್ತದೆ. ಮಗುವಿನ ಪಕ್ಕ ಕೂತು ಅದರ ಕೈಯನ್ನೇ ನೋಡುತ್ತಿದ್ದರೆ ಅದು ಈಗ ಏನು ಹುಡುಕುತ್ತಿದೆ ಅಂತ ನಿಮಗೆ ಗೊತ್ತಾಗಿಬಿಡುತ್ತದೆ.

ಒಂದು ಹಲ್ಲನ್ನೇ ತೆಗೆದುಕೊಳ್ಳಿ. ಇಂಥ ಪ್ರದರ್ಶನಗಳಲ್ಲಿ ಸಾಮಾನ್ಯವಾಗಿ ಮಾಂಸಾಹಾರಿ ಡೈನೋಸಾರ್‌ನ ಹಲ್ಲಿನ ಅಚ್ಚು ಇಟ್ಟಿರುತ್ತಾರೆ. ಮಗು ಮೊದಲು ಚೂಪು ತುದಿಯನ್ನು ಬೆರಳಿನಿಂದ ಒತ್ತುತ್ತದೆ. ಆಗ ಹೆಚ್ಚಿನವರು "ಚೂಪಾಗಿದೆ ಅಲ್ವಾ?" ಅಂದು ಮುಂದೆ ಹೋಗುತ್ತಾರೆ. ನೀವು ಹೋಗಬೇಡಿ. "ಅಂಚಿನ ಮೇಲೆ ಉಗುರು ಎಳೆದು ನೋಡು" ಅನ್ನಿ. ಉಗುರು ಕಟಕಟ ಅನ್ನುತ್ತದೆ. ಹಲ್ಲಿನ ಅಂಚಿನಲ್ಲಿ ಮತ್ತೆ ಪುಟ್ಟ ಪುಟ್ಟ ಹಲ್ಲುಗಳ ಸಾಲು! ಊರಲ್ಲಿ ಅಜ್ಜಿ ಮನೆಯಲ್ಲಿ ಹುಲ್ಲು ಕೊಯ್ಯುವ ಕುಡುಗೋಲನ್ನು ಮಕ್ಕಳು ನೋಡಿದ್ದರೆ ಅದನ್ನು ನೆನಪಿಸಿ, ಅದರ ಅಂಚೂ ಹೀಗೇ ಇರುತ್ತದೆ. "ಇದು ಎಂಥ ಕೆಲಸಕ್ಕೆ?" ಅಂತ ಕೇಳಿ. ಕೊಯ್ಯೋಕೆ, ಕತ್ತರಿಸೋಕೆ ಅಂತ ಮಗುವೇ ಹೇಳುತ್ತದೆ. ಆಮೇಲೆ "ನಿನ್ನ ನಾಲಿಗೆಯಿಂದ ನಿನ್ನ ಹಿಂದಿನ ಹಲ್ಲು ಮುಟ್ಟು, ಹೇಗಿದೆ?" ಅನ್ನಿ. ಅಗಲವಾಗಿದೆ, ಗುಡ್ಡ-ಹಳ್ಳ ಇದೆ. ಅದು ಅಗಿಯೋಕೆ. ಪಕ್ಕದಲ್ಲಿ ಉದ್ದ ಕತ್ತಿನ ಡೈನೋಸಾರ್‌ನ ಹಲ್ಲಿದ್ದರೆ ಇನ್ನೂ ಒಳ್ಳೆಯದು. ನಮ್ಮ ದೇಶದಲ್ಲಿ ಮೊಟ್ಟೆ ಇಟ್ಟ ಟೈಟನೋಸಾರ್‌ಗಳ ಹಲ್ಲು ಸಪೂರ. ಸೊಪ್ಪು ಕೀಳೋಕೆ ಸಾಕು, ಅಗಿಯೋಕೆ ಆಗುವುದಿಲ್ಲ. ಅವು ಕಿತ್ತು ಹಾಗೇ ನುಂಗುತ್ತಿದ್ದವು. ಇಷ್ಟು ಮಾಡಲು ಐದಾರು ನಿಮಿಷ ಸಾಕು. ಆ ಐದಾರು ನಿಮಿಷದಲ್ಲಿ ನಿಮ್ಮ ಮಗು ಪ್ರಾಗ್ಜೀವಿ ವಿಜ್ಞಾನಿ ಮಾಡುವ ಕೆಲಸವನ್ನೇ ಮಾಡಿತು. ಉಳಿದ ಹಾಲ್ ನೋಡದೇ ಹೋದರೂ ನನಗೆ ಬೇಸರವಿಲ್ಲ.

ಈಗ ಮರಳಿನ ತೊಟ್ಟಿ. ನಿಮ್ಮ ಯಜಮಾನರಿಗೆ ಅದು ಕಾಸು ದಂಡ ಅನ್ನಿಸಿದ್ದು ಯಾಕೆ ಅಂತ ನನಗೆ ಅರ್ಥವಾಗುತ್ತದೆ. ಮರಳಾಟ ಪಾರ್ಕಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಈ ತೊಟ್ಟಿಯಲ್ಲಿ ನಡೆಯುವುದೇ ಬೇರೆ. ಬ್ರಶ್ ಹಿಡಿದು ಕೂತ ಮಗುವಿಗೆ ಒಂದು ತುದಿ ಕಾಣುತ್ತದೆ, ಉಳಿದದ್ದು ಮುಚ್ಚಿಕೊಂಡಿದೆ. ಕಾಣುವ ಚೂರಿನಿಂದ ಕಾಣದ ಇಡೀ ವಸ್ತುವನ್ನು ಊಹಿಸಬೇಕು. ಊಹಿಸಿದ ಕಡೆ ಅಗೆಯಬೇಕು. ಊಹೆ ತಪ್ಪಾದರೆ ಬೇರೆ ಕಡೆ ಹೋಗಬೇಕು. ನಾಲ್ಕೂವರೆ ವರ್ಷದವನು ಅಷ್ಟು ಹೊತ್ತು ಒಂದೇ ಕಡೆ ಕೂತ ಅಂದರೆ ಅವನ ತಲೆ ಅಷ್ಟೂ ಹೊತ್ತು ಓಡುತ್ತಿತ್ತು. ನೀವು ಬೋರ್ಡ್ ಓದಿದ್ದು ಅವನ ಕಿವಿಗೆ ಬೀಳದಿದ್ದುದಕ್ಕೆ ಅದೇ ಕಾರಣ. ಮುಂದಿನ ಸಲ ಬೋರ್ಡನ್ನು ನೀವು ಮನಸ್ಸಿನಲ್ಲೇ ಓದಿಕೊಳ್ಳಿ. ಅವನು ತಲೆ ಎತ್ತಿ ಏನಾದರೂ ಕೇಳಿದಾಗ ಅದರಲ್ಲಿ ಬೇಕಾದ ಒಂದು ವಾಕ್ಯ ಮಾತ್ರ ಹೇಳಿ. ಎಲ್ಲಿ ಅಗೆಯಬೇಕು ಅಂತ ದಯವಿಟ್ಟು ತೋರಿಸಬೇಡಿ.

ಮರಳಿನ ತೊಟ್ಟಿಯಿಂದ ಒಂದು ತಪ್ಪು ಕಲ್ಪನೆ ಮಾತ್ರ ಬರುತ್ತದೆ. ಮೂಳೆಗಳು ಮರಳಲ್ಲಿ ಇಡಿಯಾಗಿ ಕಾಯುತ್ತಿರುತ್ತವೆ, ಬ್ರಶ್ ಆಡಿಸಿದರೆ ಬಂದುಬಿಡುತ್ತವೆ ಅಂತ ಮಕ್ಕಳು ತಿಳಿಯುತ್ತಾರೆ. ನಿಜವಾದ ಪಳೆಯುಳಿಕೆ ಹೆಚ್ಚಾಗಿ ಗಟ್ಟಿ ಕಲ್ಲಿನೊಳಗೆ ಇರುತ್ತದೆ. ಬಹುಮಟ್ಟಿಗೆ ಚೂರು ಚೂರಾಗಿರುತ್ತದೆ. ಉಳಿ-ಸುತ್ತಿಗೆಯಿಂದ ಸುತ್ತಲ ಕಲ್ಲು ಬಿಡಿಸಿ, ಮೂಳೆ ಒಡೆಯದ ಹಾಗೆ ಬಟ್ಟೆ ಮತ್ತು ಪ್ಲಾಸ್ಟರ್ ಆಫ್ ಪ್ಯಾರಿಸ್ ಸುತ್ತಿ, ಲ್ಯಾಬ್‌ಗೆ ಸಾಗಿಸುತ್ತಾರೆ. ಕೈ ಮುರಿದಾಗ ಹಾಕುವ ಪ್ಲಾಸ್ಟರ್ ಡೈನೋಸಾರ್ ಮೂಳೆಗೂ ಹಾಕುತ್ತಾರೆ ಅಂದರೆ ಮಕ್ಕಳ ಕಣ್ಣು ಅರಳುತ್ತದೆ. ಇದನ್ನು ಪ್ರದರ್ಶನದಲ್ಲೇ ಹೇಳಬೇಕಾಗಿಲ್ಲ. ಮನೆಗೆ ಬಂದ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಅದರಲ್ಲಿ ನಾಲ್ಕಾರು ಕಪ್ಪೆಚಿಪ್ಪು ಹುದುಗಿಸಿ. ಕಲಸುವ ಕೆಲಸ ನಿಮ್ಮದೇ ಇರಲಿ, ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ. ಪೂರ್ತಿ ಒಣಗಿದ ಮೇಲೆ ಮಕ್ಕಳ ಕೈಗೆ ಒಂದು ಮೊಂಡು ಚಮಚ ಕೊಡಿ. ಪುಡಿ ಮೂಗಿಗೆ ಹೋಗದ ಹಾಗೆ ಸ್ವಲ್ಪ ನೀರು ಚಿಮುಕಿಸುತ್ತಿರಿ. ಕಲ್ಲಿನಿಂದ ಬಿಡಿಸುವುದು ಎಷ್ಟು ಕಷ್ಟ ಅಂತ ಅವರ ಕೈಗೇ ಗೊತ್ತಾಗುತ್ತದೆ.

ಅತ್ತದ್ದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮೂರು-ನಾಲ್ಕು ವರ್ಷದ ಮಕ್ಕಳಿಗೆ ಅದು ಬೊಂಬೆ ಅಂತ ತಲೆಗೆ ಗೊತ್ತಿದ್ದರೂ ಮೈ ನಂಬುವುದಿಲ್ಲ. ಕತ್ತಲೆ, ದೊಡ್ಡ ಸದ್ದು, ಇದ್ದಕ್ಕಿದ್ದ ಹಾಗೆ ಅಲುಗಾಡುವ ತಲೆ, ಮೂರೂ ಸೇರಿದರೆ ಯಾವ ಮಗುವೂ ಹೆದರಬಹುದು. "ಇಷ್ಟು ದೊಡ್ಡ ಹುಡುಗ, ಹೆದರ್ತೀಯಾ?" ಅಂತ ಮಾತ್ರ ಅನ್ನಬೇಡಿ. ದೂರ ನಿಲ್ಲಿ. ಎತ್ತಿಕೊಳ್ಳಿ. ಕಿವಿ ಮುಚ್ಚಿಕೊಳ್ಳಲಿ. ಅದು ಎಷ್ಟು ಹೊತ್ತಿಗೊಮ್ಮೆ ಕೂಗುತ್ತದೆ ಅಂತ ಇಬ್ಬರೂ ಎಣಿಸಿ. ಮುಂದೆ ಏನಾಗುತ್ತದೆ ಅಂತ ಮೊದಲೇ ಗೊತ್ತಾದರೆ ಅರ್ಧ ಹೆದರಿಕೆ ಇಳಿಯುತ್ತದೆ. ಸಿಬ್ಬಂದಿಯನ್ನು ಕೇಳಿದರೆ ಹಿಂದಿನ ಮೋಟಾರು, ವೈರು ತೋರಿಸುತ್ತಾರೆ. ಹತ್ತಿರ ಹೋಗಲು ಒಪ್ಪದಿದ್ದರೆ ಹೋಗಲೇಬೇಡಿ. ಇನ್ನೊಂದು ನಿಜವನ್ನೂ ಹೇಳಬಹುದು. ಆ ಕೂಗು ಮನುಷ್ಯರು ಮಾಡಿದ್ದು. ಟಿ-ರೆಕ್ಸ್ ಹೇಗೆ ಕೂಗುತ್ತಿತ್ತು ಅಂತ ಕೇಳಿದವರು ಯಾರೂ ಇಲ್ಲ. ಗಂಟಲಿನ ಮೆತ್ತಗಿನ ಭಾಗ ಕೊಳೆತು ಹೋಗುತ್ತದೆ, ಮೂಳೆಯಂತೆ ಕಲ್ಲಾಗಿ ಉಳಿಯುವುದು ಬಹಳ ಅಪರೂಪ.

ಈಗ ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ನಾಟಿದ ವಿಷಯಕ್ಕೆ ಬರುತ್ತೇನೆ. ಮಗನ ಬಗ್ಗೆ ಸಾಲು ಸಾಲು ಬರೆದಿದ್ದೀರಿ. ಮಗಳ ಬಗ್ಗೆ ಒಂದೇ ಮಾತು, "ಸುಮ್ನೆ ನೋಡುತ್ತಿದ್ದಳು." ಇದು ನಿಮ್ಮೊಬ್ಬರ ಕಥೆಯಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕೆವಿನ್ ಕ್ರೌಲಿ ಮತ್ತು ಜೊತೆಗಾರರು ಕ್ಯಾಲಿಫೋರ್ನಿಯಾದ ಒಂದು ಮಕ್ಕಳ ಮ್ಯೂಸಿಯಂನಲ್ಲಿ, ಕೈಯಲ್ಲಿ ಆಡಿಸಿ ಕಲಿಯುವ ವಿಜ್ಞಾನದ ಮಾದರಿಗಳ ಎದುರು ಅಪ್ಪ-ಅಮ್ಮಂದಿರು ಮಕ್ಕಳಿಗೆ ಏನು ಹೇಳುತ್ತಾರೆ ಅಂತ ದಾಖಲಿಸಿದರು. 2001ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: "ಇದು ಯಾಕೆ ಹೀಗೆ" ಅನ್ನುವ ವಿವರಣೆ ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಿಗೆ ಸಿಗುವ ಸಾಧ್ಯತೆ ಮೂರು ಪಟ್ಟು. ಅಮ್ಮಂದಿರೂ ಹಾಗೆ ಮಾಡಿದ್ದರು, ಅಪ್ಪಂದಿರೂ ಮಾಡಿದ್ದರು. ಮಕ್ಕಳ ಆಸಕ್ತಿಯಲ್ಲಿ ಅಷ್ಟು ಅಂತರ ಇರಲಿಲ್ಲ. ಯಾರೂ ಬೇಕಂತ ಮಾಡಿದ್ದಲ್ಲ. ಡೈನೋಸಾರ್, ರಾಕೆಟ್, ಕಾರು ಅಂದರೆ ನಮ್ಮ ಮುಖ ತಾನಾಗಿ ಗಂಡುಮಗುವಿನ ಕಡೆ ತಿರುಗುತ್ತದೆ, ಅಷ್ಟೇ.

ಆರೂವರೆ ವರ್ಷದ ಹುಡುಗಿ ಸುಮ್ಮನೆ ನೋಡುತ್ತಿದ್ದಳು ಅಂದರೆ ಅವಳು ನೋಡುತ್ತಿದ್ದಳು. ಅದು ಸಣ್ಣ ಕೆಲಸವಲ್ಲ. ಏನು ನೋಡಿದಳು ಅಂತ ಯಾರೂ ಕೇಳಲಿಲ್ಲ. ಇವತ್ತು ಸಂಜೆ, ತಮ್ಮ ಮಲಗಿದ ಮೇಲೆ, ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿ. "ನಿಂಗೆ ಯಾವುದು ವಿಚಿತ್ರ ಅನ್ನಿಸಿತು?" ಅನ್ನಿ. ಎಷ್ಟೋ ಸಲ ಇಂಥ ಮಕ್ಕಳ ಬಾಯಿಂದಲೇ ಒಳ್ಳೊಳ್ಳೆ ಪ್ರಶ್ನೆಗಳು ಬರುತ್ತವೆ. ತಮ್ಮ ಪಂಡಿತ ಆಗಿರುವ ಮನೆಯಲ್ಲಿ ಅಕ್ಕ ತನ್ನ ಪ್ರಶ್ನೆಯನ್ನು ನುಂಗಿಕೊಳ್ಳುತ್ತಾಳೆ. ಮುಂದಿನ ಸಲ ಅಳತೆ ಟೇಪು ಅವಳ ಕೈಯಲ್ಲಿರಲಿ. "ತಮ್ಮನ್ನ ನೋಡ್ಕೋ" ಅನ್ನುವ ಜವಾಬ್ದಾರಿಯನ್ನು ಆ ಒಂದು ಗಂಟೆ ಅವಳ ತಲೆಯಿಂದ ಇಳಿಸಿ. ಒಬ್ಬರು ಮಗನ ಜೊತೆ, ಒಬ್ಬರು ಮಗಳ ಜೊತೆ ಇರಿ. ಅರ್ಧ ದಾರಿಯಲ್ಲಿ ಅದಲು ಬದಲಾಗಿ.

ಮಕ್ಕಳು ಖಂಡಿತ ಕೇಳುವ ಪ್ರಶ್ನೆ ಇನ್ನೊಂದಿದೆ: "ಇದು ನಿಜದ್ದಾ?" ಅದನ್ನು ಹಾರಿಸಬೇಡಿ. ಮಾಲ್‌ಗಳಲ್ಲಿ ಇಡುವುದು ಸಾಮಾನ್ಯವಾಗಿ ಫೈಬರ್ ಅಥವಾ ಪ್ಲಾಸ್ಟರ್ ಅಚ್ಚು. "ಇದು ನಿಜವಾದ ಹಲ್ಲಿನಿಂದ ತೆಗೆದ ಅಚ್ಚು, ನಿಜವಾದದ್ದು ಮ್ಯೂಸಿಯಂನಲ್ಲಿ ಭದ್ರವಾಗಿದೆ" ಅಂದರೆ ಮಗು ಒಪ್ಪಿಕೊಳ್ಳುತ್ತದೆ. ಅಚ್ಚಿಗೂ ಕಲ್ಪನೆಗೂ ಇರುವ ವ್ಯತ್ಯಾಸವೂ ಆ ವಯಸ್ಸಿಗೆ ಅರ್ಥವಾಗುತ್ತದೆ. ಹಲ್ಲಿನ ಆಕಾರ ನಮಗೆ ಗೊತ್ತು, ಹಲ್ಲು ಸಿಕ್ಕಿದೆ. ಚರ್ಮದ ಹಸಿರು ಬಣ್ಣ ಕಲಾವಿದರು ಹಚ್ಚಿದ್ದು. ಇದೇ ಕ್ರೌಲಿ ಮತ್ತು ಮೆಲನಿ ಜೇಕಬ್ಸ್ ಪಳೆಯುಳಿಕೆಗಳನ್ನೂ ಅಚ್ಚುಗಳನ್ನೂ ಕುಟುಂಬಗಳ ಕೈಗೆ ಕೊಟ್ಟು ನೋಡಿದ್ದರು. ಅದು ಏನು ಅಂತ ಓದಿ ಹೇಳಿ, ಮಗುವಿಗೆ ಮೊದಲೇ ಗೊತ್ತಿದ್ದ ಯಾವುದೋ ವಿಷಯಕ್ಕೆ ಜೋಡಿಸಿ ಮಾತಾಡಿದ ಕುಟುಂಬಗಳಲ್ಲಿ, ಆಮೇಲೆ ಮಕ್ಕಳು ಹೆಚ್ಚು ಪಳೆಯುಳಿಕೆಗಳನ್ನು ಗುರುತು ಹಿಡಿದರು. ವಸ್ತು ಎಲ್ಲರ ಕೈಯಲ್ಲೂ ಒಂದೇ ಇತ್ತು. ಅದರ ಸುತ್ತ ನಡೆದ ಮಾತು ಬೇರೆ ಇತ್ತು.

ಕೋಟಿ ವರ್ಷಗಳ ಲೆಕ್ಕ ಈ ವಯಸ್ಸಿಗೆ ಬೇಡ. 6.6 ಕೋಟಿ ವರ್ಷ ಅಂದರೂ ಒಂದೇ, ಹೋದ ವಾರ ಅಂದರೂ ಒಂದೇ. "ಆಗ ಮನುಷ್ಯರು ಯಾರೂ ಇರಲಿಲ್ಲ, ಒಬ್ಬರೂ ಇರಲಿಲ್ಲ" ಅನ್ನುವುದು ಸಾಕು. ಮಗಳಿಗೆ ಬೇಕಿದ್ದರೆ ಸಂಖ್ಯೆ ಹೇಳಿ, ಆರೂವರೆ ವರ್ಷದವರಿಗೆ ದೊಡ್ಡ ಸಂಖ್ಯೆಯ ಮೇಲೆ ಒಂದು ಮೋಹ ಇರುತ್ತದೆ.

ಎಲ್ಲ ಡೈನೋಸಾರ್ ಸತ್ತುಹೋದವು ಅಂತ ಮಾತ್ರ ಹೇಳಬೇಡಿ, ಅದು ಸರಿಯಲ್ಲ. ಹಕ್ಕಿಗಳು ಡೈನೋಸಾರ್‌ಗಳ ವಂಶ. ಇದನ್ನು ಮಕ್ಕಳ ಕೈಗೆ ಮುಟ್ಟಿಸಲು ಟಿಕೆಟ್ ಬೇಕಿಲ್ಲ. ಟೆರೇಸ್ ಮೇಲೆ ಒದ್ದೆ ಮಣ್ಣು ತೆಳ್ಳಗೆ ಹರಡಿ, ಪಕ್ಕದಲ್ಲಿ ಒಂದು ಹಿಡಿ ಅನ್ನ ಇಡಿ. ಕಾಗೆ ಬಂದು ಹೋಗಲಿ. ಮಣ್ಣಿನ ಮೇಲೆ ಮುಂದಕ್ಕೆ ಮೂರು ಬೆರಳು, ಹಿಂದಕ್ಕೆ ಒಂದು. ಮಾಂಸಾಹಾರಿ ಡೈನೋಸಾರ್‌ಗಳ ಹೆಜ್ಜೆ ಗುರುತಿನಲ್ಲೂ ಮೂರು ಬೆರಳೇ ಎದ್ದು ಕಾಣುವುದು. "ಕಾಗೆ ಎಲ್ಲಿಂದ ಬಂತು? ನಡೀತಾ, ಕುಪ್ಪಳಿಸ್ತಾ?" ಅಂತ ಗುರುತು ನೋಡಿಯೇ ಮಕ್ಕಳು ಕಂಡುಹಿಡಿಯಲಿ. ಮನೆಯಲ್ಲಿ ಕೋಳಿ ತಿನ್ನುವವರಾದರೆ ಎದೆಯ ಭಾಗದ ಕವಲು ಮೂಳೆಯನ್ನು ತೊಳೆದು ಎತ್ತಿಡಿ. ಆ ಮೂಳೆ ಟಿ-ರೆಕ್ಸ್‌ಗೂ ಇತ್ತು. ನನ್ನ ಅನುಭವದಲ್ಲಿ ಈ ಕಾಗೆ ಹೆಜ್ಜೆಯ ಆಟ ಎಷ್ಟೋ ದೊಡ್ಡ ಪ್ರದರ್ಶನಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರದರ್ಶನಕ್ಕೆ ಹೋಗುವ ಮುಂಚೆ ಮಾಡಿದರಂತೂ ಮಕ್ಕಳು ಅಲ್ಲಿ ಹೋದ ತಕ್ಷಣ ಕಾಲು ನೋಡುತ್ತಾರೆ.

"ನಮ್ಮೂರಲ್ಲಿ ಡೈನೋಸಾರ್ ಇತ್ತಾ?" ಅಂತ ಇಷ್ಟರಲ್ಲೇ ಯಾರಾದರೂ ಒಬ್ಬರು ಕೇಳುತ್ತಾರೆ. ಕೇಳಿದರೆ ಇಬ್ಬರನ್ನೂ ಲಾಲ್‌ಬಾಗ್ ಬಂಡೆಗೆ ಕರೆದುಕೊಂಡು ಹೋಗಿ, ಬರಿಗೈಯಲ್ಲಿ ಮುಟ್ಟಿಸಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಅಂದರೆ ಈ ಬಂಡೆ ಡೈನೋಸಾರ್‌ಗಿಂತ ತುಂಬಾ ತುಂಬಾ ಹಳೆಯದು. ಅದರೊಳಗೆ ಅವುಗಳ ಮೂಳೆ ಇರಲು ಸಾಧ್ಯವೇ ಇಲ್ಲ. ಮೂಳೆ ಉಳಿಯಬೇಕಾದರೆ ಅದನ್ನು ಕೆಸರೋ ಮರಳೋ ಬೇಗ ಮುಚ್ಚಬೇಕು, ಆ ಕೆಸರು ಕಲ್ಲಾಗಬೇಕು, ಆ ಕಲ್ಲು ಸವೆದುಹೋಗದೆ ಇವತ್ತಿನ ತನಕ ಉಳಿಯಬೇಕು. ಬೆಂಗಳೂರಿನ ಸುತ್ತ ಡೈನೋಸಾರ್ ಕಾಲದ ಅಂಥ ಕಲ್ಲಿಲ್ಲ. ಅವು ಇಲ್ಲಿ ಓಡಾಡಿರಬಹುದು. ಓಡಾಡಿದ್ದಕ್ಕೆ ಸಾಕ್ಷಿ ಉಳಿದಿಲ್ಲ. ಇರಲಿಲ್ಲ ಅನ್ನುವುದಕ್ಕೂ ಸಾಕ್ಷಿ ಉಳಿದಿಲ್ಲ ಅನ್ನುವುದಕ್ಕೂ ಇರುವ ಅಂತರ ನಿಮ್ಮ ಮಗಳಿಗೆ ಹೊಳೆಯುತ್ತದೆ, ಹೇಳಿ ನೋಡಿ.

ನಿಜವಾದ ಮೂಳೆ ಹತ್ತಿರದಲ್ಲಿ ನೋಡಬೇಕು ಅಂದರೆ ನಮಗೆ ಹೈದರಾಬಾದ್ ಇದೆ. ಅಲ್ಲಿನ ಬಿ.ಎಂ. ಬಿರ್ಲಾ ವಿಜ್ಞಾನ ಮ್ಯೂಸಿಯಂನಲ್ಲಿ ಕೋಟಾಸಾರಸ್ ಎಂಬ ಉದ್ದ ಕತ್ತಿನ ಡೈನೋಸಾರ್‌ನ ಅಸ್ಥಿಪಂಜರವನ್ನು ಜೋಡಿಸಿ ನಿಲ್ಲಿಸಿದ್ದಾರೆ. ತೆಲಂಗಾಣದ ಯಮನಪಲ್ಲಿ ಎಂಬ ಹಳ್ಳಿಯ ಬಳಿ ಸಿಕ್ಕಿದ್ದು.

ರೈಯೋಲಿಗೆ ಹೋಗಿ. ಎರಡು ಮಾತಿಲ್ಲ. ಅದು ಗುಜರಾತಿನ ಬಾಲಾಸಿನೋರ್ ಹತ್ತಿರ, ಅಹಮದಾಬಾದ್‌ನಿಂದ ಕಾರಿನಲ್ಲಿ ಎರಡು ಗಂಟೆ ದಾರಿ. 1980ರ ದಶಕದ ಆರಂಭದಲ್ಲಿ ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾದವರಿಗೆ ಅಲ್ಲಿ ಮೂಳೆ, ಮೊಟ್ಟೆಗಳು ಸಿಕ್ಕವು. ಆಗ ಸಂಗ್ರಹಿಸಿದ ಮೂಳೆಗಳ ಆಧಾರದ ಮೇಲೆ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಮಾಂಸಾಹಾರಿಯನ್ನು ಗುರುತಿಸಿದರು. ಹಣೆಯ ಮೇಲೆ ಒಂದು ಗಿಡ್ಡ ಕೊಂಬು ಅದರ ಗುರುತು. ನಿಮ್ಮ ಮಗನ ಇಪ್ಪತ್ತು ಹೆಸರಲ್ಲಿ ಇದು ಇದೆಯಾ ಅಂತ ನೋಡಿ. ಮಕ್ಕಳಿಗೆ ಅಮೆರಿಕದ ಡೈನೋಸಾರ್‌ಗಳೆಲ್ಲ ಗೊತ್ತು, ನರ್ಮದೆಯ ದಡದ್ದು ಗೊತ್ತಿಲ್ಲ, ಇದು ನನಗೆ ಬಹಳ ಬೇಸರದ ವಿಷಯ. 2019ರಲ್ಲಿ ಅಲ್ಲೊಂದು ಮ್ಯೂಸಿಯಂ ತೆರೆದಿದ್ದಾರೆ. ಆದರೆ ನಾನು ನಿಮಗೆ ಹೇಳುವುದು ಹೊರಗಿನ ಬಯಲಿನ ಬಗ್ಗೆ. ಅಲ್ಲಿ ಮೊಟ್ಟೆ, ಮೂಳೆಗಳು ಇದ್ದ ಜಾಗದಲ್ಲೇ, ಕಲ್ಲಿನೊಳಗೇ ಇವೆ. ಮ್ಯೂಸಿಯಂ ಒಳಗಿನ ಪರದೆ, ಗುಂಡಿಗಳಿಗೆ ಹೊತ್ತು ಕಳೆಯುವ ಮುಂಚೆ, ಮಕ್ಕಳು ಚುರುಕಾಗಿರುವ ಬೆಳಗಿನ ಹೊತ್ತಿನಲ್ಲಿ ಬಯಲಿಗೆ ಹೋಗಿ. ಜೊತೆಗೆ ಗೈಡ್ ಇರಲಿ, ಇಲ್ಲದಿದ್ದರೆ ಮೊಟ್ಟೆಯ ಪಕ್ಕದಲ್ಲೇ ನಡೆದು ಹೋದರೂ ಗೊತ್ತಾಗುವುದಿಲ್ಲ.

ಕಲ್ಲಿನಲ್ಲಿ ಹುದುಗಿದ ಮೊಟ್ಟೆ ಚಿತ್ರದಲ್ಲಿರುವ ಹಾಗೆ ಕಾಣುವುದಿಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿ. ಹೆಚ್ಚಿನ ಕಡೆ ಒಂದು ದುಂಡನೆಯ ಗುರುತು, ಅದರ ಸುತ್ತ ತೆಳ್ಳನೆ ಚಿಪ್ಪಿನ ಗೆರೆ, ಅಷ್ಟೇ ಕಾಣುತ್ತದೆ. ಗೈಡ್ ಮುಟ್ಟಬಹುದು ಅಂದ ಕಡೆ ಮಗುವಿನ ಬೆರಳನ್ನು ಆ ಗೆರೆಯ ಮೇಲೆ ಒಂದು ಸುತ್ತು ಹಾಯಿಸಿ. ಆಮೇಲೆ ಪಕ್ಕದ ಮಾಮೂಲಿ ಕಲ್ಲನ್ನೂ ಮುಟ್ಟಿಸಿ. ಎರಡಕ್ಕೂ ಇರುವ ವ್ಯತ್ಯಾಸವನ್ನು ಅವರೇ ಹೇಳಲಿ. ದೊಡ್ಡವರಿಗೂ ಇದು ಸುಲಭವಲ್ಲ. ಅಲ್ಲಿನ ಒಬ್ಬ ಅಜ್ಜಿ ಮಸಾಲೆ ಅರೆಯಲು ಇಟ್ಟುಕೊಂಡಿದ್ದ ಗುಂಡುಕಲ್ಲು ಡೈನೋಸಾರ್ ಮೊಟ್ಟೆ ಅಂತ ಪತ್ತೆಹಚ್ಚಿದವರು ಆಲಿಯಾ ಸುಲ್ತಾನಾ ಬಾಬಿ. ಬಾಲಾಸಿನೋರ್ ರಾಜಮನೆತನದ ಈ ಹೆಣ್ಣುಮಗಳು ವರ್ಷಗಟ್ಟಲೆ ಆ ಜಾಗದ ರಕ್ಷಣೆಗೆ ದುಡಿದಿದ್ದಾರೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡ್ಲ್ಯಾ ಹಳ್ಳಿಯಲ್ಲಿ ರೈತರು ಕಾಕರ್ ಭೈರವ ಅಂತ ಪೂಜಿಸುತ್ತಿದ್ದ ದುಂಡು ಕಲ್ಲುಗಳೂ ಟೈಟನೋಸಾರ್ ಮೊಟ್ಟೆಗಳೇ ಅಂತ 2023ರಲ್ಲಿ ಸುದ್ದಿಯಾಯಿತು. ಅದೇ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆಗಳು ಸಿಕ್ಕ ವರದಿಯನ್ನೂ ವಿಜ್ಞಾನಿಗಳು ಅದೇ ವರ್ಷ ಪ್ರಕಟಿಸಿದರು. ದಾರಿಯಲ್ಲಿ ಕಾರಿನಲ್ಲಿ ಹೇಳಲು ಇಷ್ಟು ಕಥೆ ಸಾಕು.

ಒಂದೂವರೆ ಗಂಟೆಗಿಂತ ಜಾಸ್ತಿ ಎಳೆಯಬೇಡಿ. ಟೋಪಿ, ನೀರು, ತಿಂಡಿ ಇರಲಿ. ಎಲ್ಲವನ್ನೂ ನೋಡಿಬಿಡಬೇಕು ಅನ್ನುವ ಹಟ ಬೇಡ. ಮಗ ಒಂದು ವಸ್ತು, ಮಗಳು ಒಂದು ವಸ್ತು ಆರಿಸಿಕೊಳ್ಳಲಿ. ಅದನ್ನು ಅಲ್ಲೇ ಕೂತು ಪೆನ್ಸಿಲ್‌ನಲ್ಲಿ ಬರೆಯಲಿ. ಚಿತ್ರ ಚೆನ್ನಾಗಿ ಬರಬೇಕಾಗಿಲ್ಲ. ಬಿಡಿಸಲು ಕೂತಾಗ ಕಣ್ಣು ಎರಡನೇ ಸಲ ನೋಡುತ್ತದೆ, ಲಾಭ ಇರುವುದು ಅಲ್ಲಿ.

ಮಗ ಅಲ್ಲಿಂದ ಒಂದು ಕಲ್ಲು ಜೇಬಿಗೆ ಹಾಕಿಕೊಳ್ಳಲು ಹೋಗುತ್ತಾನೆ, ಇದು ಖಂಡಿತ. ಹಾಕಿಕೊಳ್ಳಲು ಬಿಡಬೇಡಿ. "ಪೊಲೀಸ್ ಹಿಡೀತಾರೆ" ಅಂತ ಹೆದರಿಸುವ ಬದಲು ಅವನಿಗೆ ಹಾವಿನ ಕಥೆ ಹೇಳಿ. ಗುಜರಾತಿನ ಧೋಲಿ ಡುಂಗ್ರಿ ಎಂಬಲ್ಲಿ ಧನಂಜಯ ಮೊಹಬೆ ಎಂಬ ಭೂವಿಜ್ಞಾನಿಗೆ ಒಂದು ಕಲ್ಲುಹಾಸು ಸಿಕ್ಕಿತು. ಅದರಲ್ಲಿ ಡೈನೋಸಾರ್ ಮೊಟ್ಟೆಗಳಿದ್ದವು, ಪಕ್ಕದಲ್ಲಿ ಸಣ್ಣ ಮೂಳೆಗಳಿದ್ದವು. ಆ ಮೂಳೆಗಳೆಲ್ಲ ಡೈನೋಸಾರ್ ಮರಿಯದ್ದೇ ಅಂತ ಮೊದಲು ಅಂದುಕೊಂಡಿದ್ದರು. 2001ರಲ್ಲಿ ಜೆಫ್ರಿ ವಿಲ್ಸನ್ ಎಂಬ ವಿಜ್ಞಾನಿ ಅದನ್ನು ನೋಡಿದಾಗ ಕೆಲವು ಮೂಳೆ ಹಾವಿನ ಬೆನ್ನುಮೂಳೆ ಅಂತ ಗುರುತಿಸಿದರು. ಸುಮಾರು ಮೂರೂವರೆ ಮೀಟರ್ ಉದ್ದದ ಹಾವು, ಒಡೆದ ಮೊಟ್ಟೆಯನ್ನು ಸುತ್ತಿಕೊಂಡಿತ್ತು. ಪಕ್ಕದಲ್ಲಿ ಅರ್ಧ ಮೀಟರ್ ಉದ್ದದ ಮರಿ. ಮರಿ ತಿನ್ನಲು ಬಂದ ಹಾವಿನ ಮೇಲೂ, ಮರಿಯ ಮೇಲೂ ಮಣ್ಣು ಕುಸಿದು ಎಲ್ಲವೂ ಹಾಗೇ ಕಲ್ಲಾಗಿತ್ತು. 2010ರಲ್ಲಿ ಆ ಹಾವಿಗೆ ಸನಾಜೆ ಇಂಡಿಕಸ್ ಅಂತ ಹೆಸರಿಟ್ಟರು.

ಯಾರೋ ಒಬ್ಬರು ಆ ಮೊಟ್ಟೆಯನ್ನು ಚೆನ್ನಾಗಿದೆ ಅಂತ ಮೊದಲೇ ಎತ್ತಿಕೊಂಡು ಹೋಗಿದ್ದರೆ, ಹಾವು ಗೂಡಿಗೆ ಬಂದದ್ದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಇಷ್ಟು ಹೇಳಿದರೆ ನಾಲ್ಕೂವರೆ ವರ್ಷದವನೂ ಕಲ್ಲನ್ನು ಎಲ್ಲಿಂದ ತೆಗೆದನೋ ಅಲ್ಲೇ ಇಡುತ್ತಾನೆ. ಆ ಕಲ್ಲಿನ ಪಕ್ಕ ಅವನ ಅಂಗೈ ಇಟ್ಟು ಒಂದು ಫೋಟೋ ತೆಗೆಯಿರಿ, ಅಳತೆ ಗೊತ್ತಾಗಲು. ಇನ್ನೊಂದರಲ್ಲಿ ಮಗಳು ಟೇಪು ಹಿಡಿದಿರಲಿ. ಬೆಂಗಳೂರಿಗೆ ಬಂದ ಮೇಲೆ ಎರಡನ್ನೂ ಪ್ರಿಂಟ್ ಹಾಕಿಸಿ ಮಕ್ಕಳ ಕೈಗೆ ಕೊಡಿ, ಅಜ್ಜ-ಅಜ್ಜಿಗೆ ಕಥೆ ಹೇಳುವ ಕೆಲಸ ಅವರದ್ದೇ ಇರಲಿ. ನೀವಿಬ್ಬರೂ ಮಧ್ಯೆ ಬಾಯಿ ಹಾಕಬೇಡಿ.